ಮೊದಲು ಟ್ಯೂಬ್‌ಲೈಟ್ ಆರಿಸಿ: ಬೆಳಕಿನ ಔಷಧವನ್ನು ನ್ಯಾನೊಕಣಕ್ಕೆ ತುಂಬುವ ಬಗೆ

ನನ್ನ ಮೊದಲ ಮೂರು ಬ್ಯಾಚ್ ಹಾಳಾಗಿದ್ದು ಟ್ಯೂಬ್‌ಲೈಟಿನಿಂದ. ಬೆಳಕು ಬಿದ್ದಾಗ ಕ್ಯಾನ್ಸರ್ ಕೋಶ ಕೊಲ್ಲುವ ಔಷಧವನ್ನು ನ್ಯಾನೊಕಣಕ್ಕೆ ತುಂಬುತ್ತಿದ್ದೆ. ಕಣ ಚೆನ್ನಾಗಿತ್ತು, ಸೈಜು ಚೆನ್ನಾಗಿತ್ತು, ಆದರೆ ಬೆಳಕೇ ಕೊಡದೆ ಇಟ್ಟಿದ್ದ ಪ್ಲೇಟಿನಲ್ಲೂ ಕೋಶಗಳು ಸತ್ತು ಬಿದ್ದಿದ್ದವು. ಔಷಧವೇ ವಿಷ ಇರಬೇಕು ಅಂದುಕೊಂಡು ಡೋಸ್ ಇಳಿಸುತ್ತಾ ಹೋದೆ, ಎರಡು ವಾರ ಹೋಯಿತು. ಆಮೇಲೆ ಗೊತ್ತಾಯಿತು, ಮೀಡಿಯಾ, ಅಂದರೆ ಕೋಶ ಬೆಳೆಯುವ ದ್ರವ, ಬದಲಿಸುವಾಗ ಪ್ಲೇಟು ಹುಡ್‌ನ ಬಿಳಿ ದೀಪದ ಕೆಳಗೆ ಹತ್ತು ಹನ್ನೆರಡು ನಿಮಿಷ ಸುಮ್ನೆ ಕೂತಿರುತ್ತಿತ್ತು ಅಂತ. ಅಂದರೆ ನಾನೇ ಬೆಳಕು ಕೊಟ್ಟು, ಅದರ ಮೇಲೆ ‘ಕತ್ತಲೆ’ ಅಂತ ಲೇಬಲ್ ಅಂಟಿಸಿದ್ದೆ.

ಈ ಬರಹ ಇದೇ ಕೆಲಸಕ್ಕೆ ಹೊಸದಾಗಿ ಇಳಿದವರಿಗೆ. ಎಂ.ಫಾರ್ಮ್ ಅಥವಾ ಎಂ.ಎಸ್ಸಿ ಪ್ರಾಜೆಕ್ಟಿಗೆ ಗೈಡ್ ಈ ವಿಷಯ ಕೊಟ್ಟಿದ್ದಾರೆ, ಆದರೆ ಲ್ಯಾಬಿನಲ್ಲಿ ಮೊದಲು ಮಾಡಿದವರು ಯಾರೂ ಉಳಿದಿಲ್ಲ, ಅಂಥ ಸ್ಥಿತಿಯಲ್ಲಿ ಇರುವವರಿಗೆ. ರೋಗಿಯ ಕಡೆಯವರು ಓದುತ್ತಿದ್ದರೆ ನಿಮಗೆ ಬೇಕಾದದ್ದು ಕೆಳಗೆ, ಕೊನೆಯ ಹತ್ತಿರ ಇದೆ. ನಡುವಿನದನ್ನು ಬಿಟ್ಟು ಹೋದರೂ ನಷ್ಟವಿಲ್ಲ.

ಒಳಗೆ ನಡೆಯುವುದೇನು

ಇದಕ್ಕೆ ಫೋಟೊಡೈನಮಿಕ್ ಥೆರಪಿ ಅನ್ನುತ್ತಾರೆ, ಚಿಕ್ಕದಾಗಿ ಪಿಡಿಟಿ. ಮೂರು ಬೇಕು: ಔಷಧ, ಬೆಳಕು, ಆಮ್ಲಜನಕ. ಒಂದೊಂದೂ ಬೇರೆ ಬೇರೆ ಇದ್ದರೆ ಯಾರಿಗೂ ತೊಂದರೆ ಇಲ್ಲ. ಮೂರೂ ಒಂದೇ ಜಾಗದಲ್ಲಿ ಸೇರಿದಾಗ ಔಷಧದ ಅಣು ಬೆಳಕು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ, ಅದು ಸಿಂಗ್ಲೆಟ್ ಆಮ್ಲಜನಕ ಎಂಬ ಮಹಾ ಸಿಡುಕಿನ ರೂಪ ತಾಳಿ ಎದುರು ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ನೀರಿನಲ್ಲಿ ಅದರ ಆಯುಸ್ಸು ಮೂರು ನಾಲ್ಕು ಮೈಕ್ರೊಸೆಕೆಂಡ್ ಅಷ್ಟೆ. ಕೋಶದೊಳಗೆ ಅಷ್ಟೂ ಬದುಕುವುದಿಲ್ಲ, ಹೆಚ್ಚೆಂದರೆ ನೂರು ನ್ಯಾನೊಮೀಟರ್ ಆಸುಪಾಸು ಓಡಾಡಿ ಮುಗಿಯುತ್ತದೆ. ಕೋಶದ ಅಗಲವೇ ಹತ್ತು ಇಪ್ಪತ್ತು ಸಾವಿರ ನ್ಯಾನೊಮೀಟರ್. ಆದ್ದರಿಂದ ಔಷಧ ಎಲ್ಲಿ ಕೂತಿದೆಯೋ ಅಲ್ಲೇ ಪೆಟ್ಟು. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುವ ಅರ್ಧ ಗೊಂದಲ ತಾನೇ ಬಿಡುತ್ತದೆ.

ಇದು ನಿನ್ನೆ ಮೊನ್ನೆಯ ವಿಚಾರ ಅಲ್ಲ. 1900ರಲ್ಲಿ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಅಕ್ರಿಡಿನ್ ಬಣ್ಣದಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಇಟ್ಟು ನೋಡುತ್ತಿದ್ದ. ಒಂದು ದಿನ ಬೇಗ ಸಾಯುತ್ತವೆ, ಇನ್ನೊಂದು ದಿನ ನಿಧಾನ. ವ್ಯತ್ಯಾಸ ಬೆಳಕಿನದು ಅಂತ ಆಮೇಲೆ ಹೊಳೆಯಿತು. ಅಂದರೆ ಈ ಇಡೀ ಶಾಸ್ತ್ರ ಹುಟ್ಟಿದ್ದೇ ಕೋಣೆಯ ಬೆಳಕು ಹತೋಟಿಯಲ್ಲಿ ಇಲ್ಲದ ಒಂದು ಪ್ರಯೋಗದಿಂದ, ನನ್ನ ಹಾಗೆ! ಅವನು ಅದರಿಂದ ಕಂಡುಹಿಡಿದ, ನಾನು ಎರಡು ವಾರ ಕಳೆದುಕೊಂಡೆ. ಇನ್ನೊಬ್ಬ ಜರ್ಮನ್ ವೈದ್ಯ ಮೇಯರ್-ಬೆಟ್ಸ್ ಹೆಮಟೊಪಾರ್ಫಿರಿನ್ ಎಂಬ ಬೆಳಕಿಗೆ ಏಳುವ ವಸ್ತುವನ್ನು 200 ಮಿಲಿಗ್ರಾಂ ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದರು. ಮುಖ, ಕೈ ಎಲ್ಲ ಊದಿಕೊಂಡಿತು, ತಿಂಗಳುಗಟ್ಟಲೆ ಬಿಸಿಲು ತಾಳಲಾಗಲಿಲ್ಲ. 1913ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಔಷಧ ಕ್ಯಾನ್ಸರ್ ಗೆಡ್ಡೆಯಲ್ಲಿ ಇರಬೇಕು, ಚರ್ಮದಲ್ಲಿ ಇರಬಾರದು ಎಂಬ ಸಮಸ್ಯೆ ಅಂದಿನಿಂದ ಇಂದಿನವರೆಗೂ ಹಾಗೇ ಇದೆ.

ನ್ಯಾನೊಕಣ ಬರುವುದು ಅಲ್ಲಿಗೇ. ಈ ಔಷಧಗಳು ಬಹುಪಾಲು ಎಣ್ಣೆಯ ಜಾತಿ, ನೀರಿನಲ್ಲಿ ಕರಗುವುದಿಲ್ಲ. ಅಣುಗಳು ಚಪ್ಪಟೆ. ನೀರಿಗೆ ಬಿಟ್ಟರೆ ಬಿಸಿ ದೋಸೆ ಒಂದರ ಮೇಲೊಂದು ಹಾಕಿದ ಹಾಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡ ಅಣು ಬೆಳಕನ್ನು ಹೀರುತ್ತದೆ, ಆದರೆ ಆಮ್ಲಜನಕಕ್ಕೆ ಕೊಡುವ ಬದಲು ಬಿಸಿಯಾಗಿ ಕಳೆಯುತ್ತದೆ. ಅವನ್ನು ಬಿಡಿಬಿಡಿಯಾಗಿ ಹಿಡಿದಿಟ್ಟು ರಕ್ತದಲ್ಲಿ ಸಾಗಿಸುವ ಡಬ್ಬಿ ಬೇಕು. ಕಣದ ಕೆಲಸ ಅದೇ.

ಯಾವ ಔಷಧ, ಯಾವ ಡಬ್ಬಿ

ಆಸ್ಪತ್ರೆಯ ಮಟ್ಟಿಗೆ ಬಂದ ಔಷಧಗಳನ್ನು ಅವುಗಳ ಬೆಳಕಿನ ಜೊತೆಗೇ ನೋಡಿ. ಫೋಟೊಫ್ರಿನ್‌ಗೆ 630 ನ್ಯಾನೊಮೀಟರ್ ತರಂಗಾಂತರ, ತಲೆ-ಕುತ್ತಿಗೆ ಕ್ಯಾನ್ಸರಿಗೆ ಯುರೋಪಿನಲ್ಲಿ ಬಳಸುವ ಫಾಸ್ಕಾನ್‌ಗೆ 652, ವರ್ಟೆಪಾರ್ಫಿನ್‌ಗೆ 689, ಪ್ರಾಸ್ಟೇಟಿಗೆ ಬಂದ ಟೂಕಾಡ್‌ಗೆ 753. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಮೈಯೊಳಗೆ ಆಳಕ್ಕೆ ಹೋಗುತ್ತದೆ, ಯಾಕೆಂದರೆ ಕೆಂಪಿನ ಆಚೆ ಹೋದಂತೆ ರಕ್ತ ಬೆಳಕನ್ನು ಕಡಿಮೆ ನುಂಗುತ್ತದೆ. ಹಾಗಂತ 1000ದ ತನಕ ಎಳೆಯಲು ಬರುವುದಿಲ್ಲ. 800 ದಾಟಿದರೆ ಒಂದು ಫೋಟಾನಿನ ಶಕ್ತಿ ಆಮ್ಲಜನಕವನ್ನು ಎಬ್ಬಿಸಲು ಸಾಲದಾಗುತ್ತಾ ಬರುತ್ತದೆ.

ನಾನು ವರ್ಟೆಪಾರ್ಫಿನ್ ಇಟ್ಟುಕೊಂಡೇ ಹೇಳುತ್ತೇನೆ. ಇದು ಕೆನಡಾದ ವ್ಯಾಂಕೂವರಿನಲ್ಲಿ ಬೆಳೆದ ಔಷಧ. 2000ದಲ್ಲಿ ಅಮೆರಿಕದಲ್ಲಿ ವಿಸುಡೈನ್ ಹೆಸರಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಕ್ಯಾನ್ಸರಿಗಲ್ಲ, ವಯಸ್ಸಾದವರ ಕಣ್ಣಿನ ರೆಟಿನಾ ಕೆಡುವ ರೋಗಕ್ಕೆ. ಅದು ಬರುವುದೇ ಲಿಪೊಸೋಮ್‌ನಲ್ಲಿ, ಅಂದರೆ ಕೊಬ್ಬಿನ ಪುಟ್ಟ ಗುಳ್ಳೆಯಲ್ಲಿ. ಹೀಗಾಗಿ ‘ಕಣದಲ್ಲಿ ಬೆಳಕಿನ ಔಷಧ’ ಅನ್ನುವುದು ಬರೀ ಪೇಪರಿನ ಕನಸಲ್ಲ, ಇಪ್ಪತ್ತು ವರ್ಷಕ್ಕೂ ಮೇಲಿನ ವಾಸ್ತವ.

ಕೆಲವರು ಕ್ಲೋರಿನ್ ಇ6 ತೆಗೆದುಕೊಳ್ಳುತ್ತಾರೆ, ಅಗ್ಗ ಅಂತ. ತೆಗೆದುಕೊಳ್ಳಿ, ಆದರೆ ಅದರಲ್ಲಿ ಮೂರು ಆಮ್ಲದ ಬಾಲಗಳಿವೆ. ಪಿಎಚ್ 7.4ರಲ್ಲಿ ಅವು ನೀರನ್ನು ಇಷ್ಟಪಡುತ್ತವೆ. ಬರೀ ಅದ್ದಿ ತುಂಬಿದರೆ ಕಣದಿಂದ ಸೋರಿಹೋಗುತ್ತದೆ, ಪಾಲಿಮರಿಗೆ ಕಟ್ಟಿಯೇ ಹಾಕಬೇಕಾಗುತ್ತದೆ. ಮೊದಲ ಪ್ರಾಜೆಕ್ಟಿಗೆ ಆ ತಲೆನೋವು ಬೇಡ.

ಡಬ್ಬಿಗೆ ಪಿಎಲ್‌ಜಿಎ. ಆಪರೇಷನ್ ಆದಮೇಲೆ ತಾನಾಗಿ ಕರಗುವ ಹೊಲಿಗೆ ದಾರ ಇರುತ್ತದಲ್ಲ, ಅದೇ ಕುಟುಂಬದ ಪಾಲಿಮರ್. ಲ್ಯಾಕ್ಟಿಕ್, ಗ್ಲೈಕೊಲಿಕ್ ಅರ್ಧರ್ಧ ಇರುವ 50:50 ಸಾಕು. ಸಿಲಿಕಾ, ಚಿನ್ನ, 980 ನ್ಯಾನೊಮೀಟರ್ ಬೆಳಕನ್ನು ಕೆಂಪಿಗೆ ತಿರುಗಿಸುವ ಅಪ್‌ಕನ್ವರ್ಷನ್ ಕಣ, ಇವೆಲ್ಲ ನೋಡಲು ಚೆಂದ. ಸಿಲಿಕಾದ ಒಂದು ಮಾತು ಮಾತ್ರ ತಿಳಿದಿರಲಿ. 2003ರಲ್ಲಿ ಅಮೆರಿಕದ ಬಫಲೊದಲ್ಲಿ ಪಾರಸ್ ಪ್ರಸಾದ್ ಅವರ ತಂಡ ಔಷಧ ಸಿಲಿಕಾ ಕಣದಿಂದ ಹೊರಗೆ ಬರದಿದ್ದರೂ ಕೆಲಸ ಆಗುತ್ತದೆ ಅಂತ ತೋರಿಸಿತು. ರಂಧ್ರಗಳಲ್ಲಿ ಆಮ್ಲಜನಕ ಒಳಗೆ ಹೋಗಿ ಸಿಂಗ್ಲೆಟ್ ಆಗಿ ಹೊರಗೆ ಬರುತ್ತದೆ. ಮಾಮೂಲಿ ಔಷಧಕ್ಕೆ ಡಬ್ಬಿ ತೆರೆಯಲೇಬೇಕು, ಇದಕ್ಕೆ ಕಿಟಕಿ ಇದ್ದರೂ ನಡೆಯುತ್ತದೆ.

ಕಣ ಮಾಡುವುದು

ಮೊದಲು ಕೋಣೆ. ಪರದೆ ಎಳೆಯಿರಿ, ಟ್ಯೂಬ್‌ಲೈಟ್ ಆರಿಸಿ, ಮೂಲೆಯಲ್ಲಿ ಗೋಡೆ ಕಡೆ ತಿರುಗಿಸಿದ ಒಂದು ಮಂಕು ದೀಪ ಇರಲಿ. ಟ್ಯೂಬು, ಬೀಕರ್, ಎಲ್ಲಕ್ಕೂ ಅಲ್ಯೂಮಿನಿಯಂ ಫಾಯಿಲ್ ಮೊದಲೇ ಸುತ್ತಿಡಿ. ಔಷಧ ಸುರಿದ ಮೇಲೆ ಫಾಯಿಲ್ ಹುಡುಕಲು ಹೊರಟರೆ ಆಗಲೇ ತಡ.

ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಾಲಿಮರ್ ಪಿವಿಎ, ಅದರ ದ್ರಾವಣ ಹಿಂದಿನ ದಿನವೇ ಮಾಡಿ. 100 ಮಿಲಿಲೀಟರ್ ತಣ್ಣೀರಿಗೆ 1 ಗ್ರಾಂ ಪಿವಿಎ ಪುಡಿಯನ್ನು ತಿರುಗುತ್ತಿರುವಾಗಲೇ ಚಿಟಿಕೆ ಚಿಟಿಕೆ ಉದುರಿಸಿ, ಆಮೇಲೆ 80-90 ಡಿಗ್ರಿಗೆ ಬಿಸಿ ಮಾಡಿ. ಬಿಸಿನೀರಿಗೆ ನೇರ ಸುರಿದರೆ ಮುದ್ದೆಗೆ ಹಿಟ್ಟು ಹಾಕಿ ಕೋಲು ಆಡಿಸದೆ ಬಿಟ್ಟ ಹಾಗೆ ಗಂಟು ಕಟ್ಟುತ್ತದೆ. ಆರಿದ ಮೇಲೆ ಫಿಲ್ಟರ್ ಮಾಡಿ.

ಈಗ ಅಸಲಿ ಕೆಲಸ. 20 ಮಿಲಿಗ್ರಾಂ ಪಿಎಲ್‌ಜಿಎಯನ್ನು 2 ಮಿಲಿಲೀಟರ್ ಅಸಿಟೋನಿನಲ್ಲಿ ಕರಗಿಸಿ. ವರ್ಟೆಪಾರ್ಫಿನ್ ಅನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿಲಿಲೀಟರಿಗೆ 4 ಮಿಲಿಗ್ರಾಂ ಇರುವಂತೆ ಸ್ಟಾಕ್ ಮಾಡಿಕೊಂಡು, ಅದರಿಂದ 100 ಮೈಕ್ರೊಲೀಟರ್ ಹಾಕಿ. ಅಂದರೆ 0.4 ಮಿಲಿಗ್ರಾಂ ಔಷಧ, ಪಾಲಿಮರಿನ ನೂರರಲ್ಲಿ ಎರಡು ಪಾಲು. ಈ ಹಸಿರು ದ್ರಾವಣವನ್ನು 10 ಮಿಲಿಲೀಟರ್ ಪಿವಿಎ ನೀರಿಗೆ, ಸ್ಟಿರರ್ ಸುಮಾರು 600 ಸುತ್ತಿನಲ್ಲಿ ತಿರುಗುತ್ತಿರುವಾಗ, ಸೂಜಿಯಿಂದ ಹನಿ ಹನಿಯಾಗಿ ಬಿಡಿ. ನೀರಿಗೆ ಡೆಟಾಲ್ ಹಾಕಿದಾಗ ಬೆಳ್ಳಗೆ ಹಾಲಿನಂತೆ ಆಗುವುದನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ಅಸಿಟೋನ್ ನೀರಿನೊಳಗೆ ಓಡಿಹೋಗುತ್ತದೆ, ಪಾಲಿಮರಿಗೆ ನೀರು ಆಗದು, ಗಾಬರಿಯಲ್ಲಿ ಪುಟ್ಟ ಪುಟ್ಟ ಉಂಡೆ ಕಟ್ಟಿಕೊಂಡು ಪಕ್ಕದಲ್ಲಿದ್ದ ಔಷಧವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ನ್ಯಾನೊಪ್ರೆಸಿಪಿಟೇಷನ್ ಅಂತ ದೊಡ್ಡ ಹೆಸರು.

ಸೂಜಿ ತುದಿ ನೀರಿನ ಒಳಗೆ ಇರಲಿ. ಮೇಲಿಂದ ಬೀಳಿಸಿದರೆ ಬೀಕರಿನ ಗೋಡೆಗೆ ಅಂಟಿ ಹಸಿರು ಚೂರುಗಳಾಗುತ್ತವೆ.

ಆಮೇಲೆ ತೂತು ಚುಚ್ಚಿದ ಫಾಯಿಲ್ ಮುಚ್ಚಿ ಫ್ಯೂಮ್ ಹುಡ್‌ನಲ್ಲಿ ಮೂರು ನಾಲ್ಕು ಗಂಟೆ ತಿರುಗಲು ಬಿಡಿ. ಅಸಿಟೋನ್ ಆರಿಹೋಗುತ್ತದೆ. ಡಿಎಂಎಸ್‌ಒ ಆರುವುದಿಲ್ಲ, ಅದನ್ನು ತೊಳೆದೇ ತೆಗೆಯಬೇಕು.

ತೊಳೆಯುವಾಗ ಎಲ್ಲರೂ ಬೀಳುವ ಗುಂಡಿ ಒಂದಿದೆ. ಕಣದೊಳಗೆ ಸೇರದ ವರ್ಟೆಪಾರ್ಫಿನ್ ನೀರಿನಲ್ಲಿ ಕರಗಿ ಕೂತಿರುವುದಿಲ್ಲ, ಗಟ್ಟಿಯಾಗಿ ಚೂರು ಕಟ್ಟಿರುತ್ತದೆ. ನೀವು ನೇರ 15,000 ಜಿಯಲ್ಲಿ (ಭೂಮಿಯ ಸೆಳೆತದ 15,000 ಪಟ್ಟು) ಸೆಂಟ್ರಿಫ್ಯೂಜ್ ಮಾಡಿದರೆ ಕಣವೂ ಕೆಳಗೆ, ಈ ಚೂರೂ ಕೆಳಗೆ. ಮೇಲಿನ ನೀರು ತಿಳಿಯಾಗಿದೆ, ನನ್ನ ಔಷಧವೆಲ್ಲ ಒಳಗೆ ಹೋಗಿದೆ, ತೊಂಬತ್ತೆಂಟು ಪರ್ಸೆಂಟ್ ಅಂತ ಕುಣಿದಾಡುತ್ತೀರಿ. ಅದಕ್ಕೇ ಮೊದಲು 1,000 ಜಿಯಲ್ಲಿ ಐದು ನಿಮಿಷ ತಿರುಗಿಸಿ, ತಳಕ್ಕೆ ಬಿದ್ದ ಚೂರು ಬಿಟ್ಟು ಮೇಲಿನದನ್ನು ಬೇರೆ ಟ್ಯೂಬಿಗೆ ತೆಗೆದುಕೊಳ್ಳಿ. ಆ ಚೂರನ್ನು ಎಸೆಯಬೇಡಿ, ಅದರಲ್ಲಿ ಎಷ್ಟು ಔಷಧ ಇದೆ ಅಂತಲೂ ಅಳೆಯಿರಿ, ಲೆಕ್ಕ ಕೂಡಬೇಕಲ್ಲ. ಆಮೇಲೆ 15,000 ಜಿ, ಅರ್ಧ ಗಂಟೆ, 4 ಡಿಗ್ರಿ, ಎರಡು ಸಲ ತೊಳೆತ. ತಳದ ಪದರ ಏಳಲು ಒಲ್ಲದಿದ್ದರೆ ಬಾತ್ ಸೋನಿಕೇಟರಿನಲ್ಲಿ ಒಂದು ನಿಮಿಷ.

ಆಗಿದೆಯಾ ಇಲ್ಲವಾ

ಸೈಜಿಗೆ ಡಿಎಲ್‌ಎಸ್, ಅಂದರೆ ಕಣದಿಂದ ಚದುರಿದ ಬೆಳಕು ನೋಡಿ ಸೈಜು ಹೇಳುವ ಯಂತ್ರ. 100ರಿಂದ 200 ನ್ಯಾನೊಮೀಟರ್ ಒಳಗೆ, ಪಿಡಿಐ (ಸೈಜಿನ ಏರುಪೇರಿನ ಅಳತೆ) 0.2ಕ್ಕಿಂತ ಕಡಿಮೆ ಬಂದರೆ ಮುಂದೆ ಹೋಗಿ. ಹೆಚ್ಚಿನ ಡಿಎಲ್‌ಎಸ್ ಯಂತ್ರದೊಳಗೆ ಇರುವುದು 633 ನ್ಯಾನೊಮೀಟರಿನ ಕೆಂಪು ಲೇಸರ್, ನಿಮ್ಮ ಸ್ಯಾಂಪಲ್ ಅದೇ ಆಸುಪಾಸಿನ ಬೆಳಕು ನುಂಗಿ ತಿರುಗಿ ಕೆಂಪಗೆ ಹೊಳೆಯುವ ವಸ್ತು. ಗಟ್ಟಿಯಾಗಿ ಹಾಕಿದರೆ ಸುಳ್ಳು ಸಂಖ್ಯೆ ಕೊಡುತ್ತದೆ. ಚೆನ್ನಾಗಿ ತೆಳು ಮಾಡಿ, ಎರಡು ಬೇರೆ ತೆಳುವಿನಲ್ಲಿ ಅದೇ ಉತ್ತರ ಬರುತ್ತದಾ ನೋಡಿ.

ಎಷ್ಟು ತುಂಬಿದೆ ಅನ್ನಲು ಕಣವನ್ನು ಡಿಎಂಎಸ್‌ಒನಲ್ಲಿ ಪೂರ್ತಿ ಕರಗಿಸಿ 690 ನ್ಯಾನೊಮೀಟರ್ ಹತ್ತಿರ ಬೆಳಕಿನ ಹೀರುವಿಕೆ ಓದಿ, ಸ್ಟ್ಯಾಂಡರ್ಡ್ ಗೆರೆಯ ಜೊತೆ ಹೋಲಿಸಿ. ಹಾಕಿದ್ದು 0.4 ಮಿಲಿಗ್ರಾಂ, ಒಳಗೆ ಸಿಕ್ಕಿದ್ದು 0.3 ಅಂದುಕೊಳ್ಳಿ, ಆಗ 75 ಪರ್ಸೆಂಟ್. ಜಾಸ್ತಿ ತುಂಬಿದರೆ ಜಾಸ್ತಿ ಒಳ್ಳೆಯದು ಅನ್ನುವ ಆಸೆ ಬೇಡ. ಕಣದೊಳಗೂ ಅಣುಗಳು ಒತ್ತೊತ್ತಾಗಿ ಕೂತರೆ ಅದೇ ದೋಸೆ ಕಥೆ. ಪರೀಕ್ಷೆ ಸುಲಭ. ಕಣ ನೀರಿನಲ್ಲಿ ಇರುವಾಗ ಫ್ಲೋರೆಸೆನ್ಸ್ ಓದಿ, ಅಷ್ಟೇ ಕಣವನ್ನು ಡಿಎಂಎಸ್‌ಒನಲ್ಲಿ ಕರಗಿಸಿ ಮತ್ತೆ ಓದಿ. ಕರಗಿದ ಕೂಡಲೇ ಹೊಳಪು ಎಷ್ಟೋ ಪಟ್ಟು ಜಿಗಿದರೆ ಒಳಗೆ ಎಲ್ಲ ಅಂಟಿಕೊಂಡು ಮಲಗಿತ್ತು ಅಂತ ಅರ್ಥ. ತುಂಬುವ ಪ್ರಮಾಣ ಇಳಿಸಿ.

ಸೋರಿಕೆ ನೋಡಲು ಡಯಾಲಿಸಿಸ್ ಚೀಲದಲ್ಲಿ ಹಾಕಿ ಪಿಬಿಎಸ್ ಎಂಬ ಉಪ್ಪುನೀರಿನ ಬಫರ್‌ನಲ್ಲಿ ಬಿಡುವುದು ರೂಢಿ. ಎರಡು ದಿನ ಆದರೂ ಹೊರಗೆ ಏನೂ ಬರುವುದಿಲ್ಲ, ‘ನಮ್ಮ ಕಣ ಸೋರುವುದೇ ಇಲ್ಲ’ ಅಂತ ಬರೆದುಬಿಡುತ್ತಾರೆ. ಪಿಬಿಎಸ್‌ನಲ್ಲಿ ಕರಗದ ವಸ್ತು ಪಿಬಿಎಸ್‌ಗೆ ಹೇಗೆ ಬರುತ್ತದೆ ಹೇಳಿ! ರಕ್ತದಲ್ಲಿ ಹಾಗಲ್ಲ, ಅಲ್ಲಿ ಕೊಬ್ಬು ಹೊತ್ತ ಲಿಪೊಪ್ರೊಟೀನುಗಳು ಓಡಾಡುತ್ತವೆ, ವರ್ಟೆಪಾರ್ಫಿನ್ ಅವುಗಳಿಗೆ ಹಾರಲು ಕಾದಿರುತ್ತದೆ. ಸೀರಂ ಸೇರಿಸಿ ಪರೀಕ್ಷಿಸಿ. ಸಂಖ್ಯೆ ನೋಡಿ ಬೇಜಾರಾಗುತ್ತದೆ, ಆದರೆ ಅದೇ ನಿಜ.

ಸಿಂಗ್ಲೆಟ್ ಆಮ್ಲಜನಕ ಹುಟ್ಟುತ್ತಿದೆಯಾ

ಕೋಶಕ್ಕೆ ಹಾಕುವ ಮೊದಲು ಇದನ್ನು ನೋಡಲೇಬೇಕು. ನೀರಿನಲ್ಲಿ ಎಬಿಡಿಎ ಎಂಬ ವಸ್ತು ಬಳಸಿ. ಸಿಂಗ್ಲೆಟ್ ಆಮ್ಲಜನಕ ಅದನ್ನು ತಿನ್ನುತ್ತಾ ಹೋದಂತೆ 380ರ ಹತ್ತಿರದ ಅದರ ಹೀರುವಿಕೆ ಇಳಿಯುತ್ತದೆ. ಡಿಪಿಬಿಎಫ್ ಕೂಡ ಇದೆ, ಅದು 410ರ ಹತ್ತಿರ, ನೀರಿಗೆ ಆಗುವುದಿಲ್ಲ, ಎಥನಾಲ್ ಬೇಕು. ಎರಡೂ ಜಾಗದಲ್ಲಿ ವರ್ಟೆಪಾರ್ಫಿನ್ ತಾನೂ ಹೀರುತ್ತದೆ, ಅದನ್ನು ಕಳೆಯಿರಿ. ಹೋಲಿಕೆಗೆ ಮೆಥಿಲೀನ್ ಬ್ಲೂ ಇಟ್ಟುಕೊಳ್ಳಿ. ಅದು ಹೀರಿದ ಎರಡು ಫೋಟಾನಿಗೆ ಹೆಚ್ಚುಕಡಿಮೆ ಒಂದು ಸಿಂಗ್ಲೆಟ್ ಕೊಡುತ್ತದೆ ಅಂತ ಎಲ್ಲರೂ ಒಪ್ಪಿದ ಲೆಕ್ಕ.

ಇಳಿಕೆ ಕಂಡ ಮಾತ್ರಕ್ಕೆ ನಂಬಬೇಡಿ. ಸೋಡಿಯಂ ಅಜೈಡ್ ಹಾಕಿ ಮತ್ತೆ ಮಾಡಿ. ಅದು ಸಿಂಗ್ಲೆಟ್ ಆಮ್ಲಜನಕವನ್ನು ನುಂಗುತ್ತದೆ, ಆಗ ಇಳಿಕೆ ನಿಲ್ಲಬೇಕು. ನಿಲ್ಲದಿದ್ದರೆ ನೀವು ನೋಡುತ್ತಿರುವುದು ಬೇರೆ ಏನೋ. ಒಂದು ಎಚ್ಚರ: ಅಜೈಡ್ ಕಡು ವಿಷ, ಸಿಂಕಿಗೆ ಸುರಿಯಲೇಬಾರದು. ಪೈಪಿನ ತಾಮ್ರ, ಸೀಸದ ಜೊತೆ ಸೇರಿ ಸಿಡಿಯುವ ವಸ್ತು ಆಗುತ್ತದೆ. ಬೇರೆ ಬಾಟಲಿಯಲ್ಲಿ ತುಂಬಿಟ್ಟು ಲ್ಯಾಬಿನ ತ್ಯಾಜ್ಯದವರಿಗೆ ಕೊಡಿ.

ಬೆಳಕನ್ನು ಅಳೆಯಿರಿ, ಊಹಿಸಬೇಡಿ

ಔಷಧ ತೂಗಲು ಐದು ದಶಮಾಂಶದ ತಕ್ಕಡಿ ಬೇಕು ಅನ್ನುವ ಲ್ಯಾಬಿನಲ್ಲೇ ಬೆಳಕಿಗೆ ‘ಎಲ್‌ಇಡಿ ಕೆಳಗೆ ಐದು ನಿಮಿಷ’ ಅಂತ ಬರೆಯುತ್ತಾರೆ. ಬೆಳಕೂ ಇಲ್ಲಿ ಔಷಧವೇ. ಅದಕ್ಕೂ ಡೋಸ್ ಇದೆ. ಪವರ್ ಮೀಟರ್ ಇಲ್ಲದೆ ಈ ಪ್ರಯೋಗ ಶುರು ಮಾಡಬೇಡಿ, ಪಕ್ಕದ ಫಿಸಿಕ್ಸ್ ವಿಭಾಗದಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ.

ಲೆಕ್ಕ ತುಂಬಾ ಸರಳ. ಒಂದು ಚದರ ಸೆಂಟಿಮೀಟರಿಗೆ ಬೀಳುವ ಮಿಲಿವ್ಯಾಟ್‌ಗಳನ್ನು ಸೆಕೆಂಡಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿ, ಜೂಲ್ ಸಿಕ್ಕಿತು. 40 ಮಿಲಿವ್ಯಾಟ್, 250 ಸೆಕೆಂಡ್, 10 ಜೂಲ್. ಆಸ್ಪತ್ರೆಯಲ್ಲೂ ಇದೇ ಲೆಕ್ಕ. ವಿಸುಡೈನ್‌ಗೆ 600 ಮಿಲಿವ್ಯಾಟ್, 83 ಸೆಕೆಂಡ್, ಗುಣಿಸಿ ನೋಡಿ, 50 ಜೂಲ್. ಫಾಸ್ಕಾನ್‌ಗೆ 100 ಮಿಲಿವ್ಯಾಟ್, 200 ಸೆಕೆಂಡ್, 20 ಜೂಲ್.

ಹಾಗಾದರೆ ಪವರ್ ಹತ್ತು ಪಟ್ಟು ಏರಿಸಿ ಹತ್ತನೇ ಒಂದು ಸಮಯದಲ್ಲಿ ಮುಗಿಸಬಹುದಲ್ಲ? ಇಲ್ಲ. ಜೂಲ್ ಒಂದೇ ಆದರೂ ಪರಿಣಾಮ ಒಂದೇ ಅಲ್ಲ. ಬೆಳಕು ಜೋರಾದರೆ ಅಲ್ಲಿದ್ದ ಆಮ್ಲಜನಕ ಬೇಗ ಖರ್ಚಾಗುತ್ತದೆ, ರಕ್ತ ಹೊಸದನ್ನು ತಂದುಕೊಡುವಷ್ಟರಲ್ಲಿ ನಿಮ್ಮ ಬೆಳಕು ಸುಮ್ನೆ ಉರಿಯುತ್ತಿರುತ್ತದೆ. ಗೆಡ್ಡೆಯ ಒಳಭಾಗದಲ್ಲಿ ಮೊದಲೇ ಆಮ್ಲಜನಕಕ್ಕೆ ಬರ. ಅದಕ್ಕೇ ನಿಧಾನ ಬೆಳಕು, ಅಥವಾ ನಡುನಡುವೆ ಆರಿಸಿ ಹೊತ್ತಿಸುವುದು ಎಷ್ಟೋ ಸಲ ಹೆಚ್ಚು ಕೊಲ್ಲುತ್ತದೆ.

ಪ್ಲೇಟ್ ಇಡುವ ಎತ್ತರದಲ್ಲೇ ಅಳೆಯಿರಿ, ನಡುವೆ ಒಂದು ಕಡೆ ಅಲ್ಲ, ಹತ್ತು ಕಡೆ. ಪ್ಲೇಟಿನ ಅಂಚಿನ ಗುಳಿಗಳಿಗೆ (ವೆಲ್) ಕಡಿಮೆ ಬೀಳುತ್ತದೆ. ಮುಚ್ಚಳದ ಒಳಗೆ ನೀರು ಬೆವರಿದ್ದರೆ ಅದು ಬೆಳಕನ್ನು ಚದುರಿಸುತ್ತದೆ, ಆದ್ದರಿಂದ ಸಾಧ್ಯವಾದರೆ ಕೆಳಗಿನಿಂದ ಬೆಳಕು ಕೊಡಿ. ಗೋಡೆ ಕಪ್ಪಗಿರುವ, ತಳ ತಿಳಿಯಾಗಿರುವ 96 ಗುಳಿಯ ಪ್ಲೇಟ್ ತರಿಸಿ. ಪೂರ್ತಿ ಪಾರದರ್ಶಕ ಪ್ಲೇಟಿನಲ್ಲಿ ಒಂದು ಗುಳಿಯ ಬೆಳಕು ಪಕ್ಕದ ಮನೆಗೂ ಹೋಗುತ್ತದೆ. ಕತ್ತಲೆಯ ಸ್ಯಾಂಪಲ್‌ಗಳಿಗೆ ಬೇರೆ ಪ್ಲೇಟೇ ಬೇಕು, ಅರ್ಧ ಪ್ಲೇಟಿಗೆ ಫಾಯಿಲ್ ಹೊದಿಸಿ ಜುಗಾಡ್ ಮಾಡಬೇಡಿ. ಬೆಳಕು ಕೊಟ್ಟ ಮೇಲೆ ಮೀಡಿಯಾದ ಉಷ್ಣತೆಯನ್ನೂ ನೋಡಿ. ಎರಡು ಮೂರು ಡಿಗ್ರಿಗಿಂತ ಏರಿದ್ದರೆ ಕೋಶ ಸತ್ತಿದ್ದು ಬಿಸಿಗಾ, ಔಷಧಕ್ಕಾ ಅಂತ ಯಾರಿಗೂ ಹೇಳಲಾಗುವುದಿಲ್ಲ.

ಕೋಶದ ಮೇಲೆ

ಆರು ಗುಂಪು ಇರಲೇಬೇಕು, ಒಂದು ಕಡಿಮೆಯಾದರೂ ಫಲಿತಾಂಶ ಕುಂಟುತ್ತದೆ. ಏನೂ ಹಾಕದ ಕೋಶ. ಬರೀ ಬೆಳಕು ಬಿದ್ದ ಕೋಶ. ಖಾಲಿ ಕಣ ಮತ್ತು ಬೆಳಕು. ಔಷಧ ತುಂಬಿದ ಕಣ, ಕತ್ತಲೆಯಲ್ಲಿ. ಕಣವಿಲ್ಲದ ಬರೀ ಔಷಧ ಮತ್ತು ಬೆಳಕು. ಕೊನೆಗೆ ನಿಮ್ಮ ಹೀರೊ, ತುಂಬಿದ ಕಣ ಮತ್ತು ಬೆಳಕು. ಹೆಚ್ಚಿನವರು ಬಿಡುವುದು ಐದನೆಯದನ್ನು, ಯಾಕೆಂದರೆ ಪ್ಲೇಟಿನ ಮಟ್ಟದಲ್ಲಿ ಎಷ್ಟೋ ಸಲ ಬರೀ ಔಷಧವೇ ಕಣಕ್ಕಿಂತ ಚೆನ್ನಾಗಿ ಕೊಲ್ಲುತ್ತದೆ! ಡಿಎಂಎಸ್‌ಒನಲ್ಲಿ ಕರಗಿದ ಔಷಧ ಕೋಶದ ಪೊರೆಗೆ ಸಲೀಸಾಗಿ ಸೇರುತ್ತದೆ, ಕಣವನ್ನು ಕೋಶ ನುಂಗಿ ಅರಗಿಸಬೇಕು. ಅದನ್ನು ಮುಚ್ಚಿಡಬೇಡಿ. ಪ್ಲೇಟಿನಲ್ಲಿ ರಕ್ತ ಇಲ್ಲ, ಯಕೃತ್ತು ಇಲ್ಲ, ಚರ್ಮ ಇಲ್ಲ, ಕಣದ ಲಾಭ ಕಾಣಿಸುವ ಜಾಗವೇ ಅದಲ್ಲ.

ನಾನು ಶುರು ಮಾಡುವುದು 0.05ರಿಂದ 2 ಮೈಕ್ರೊಮೋಲಾರ್ ತನಕ, ಬೆಳಕು 1, 5, 10 ಜೂಲ್. ಔಷಧ ಹಾಕಿ ಮೂರು ಗಂಟೆ, ಎರಡು ಸಲ ತೊಳೆದು ಹೊಸ ಮೀಡಿಯಾ, ಫೀನಾಲ್ ರೆಡ್ ಎಂಬ ಬಣ್ಣ ಇಲ್ಲದ್ದು, ಆಮೇಲೆ ಬೆಳಕು. ಎಷ್ಟು ಕೋಶ ಬದುಕಿದೆ ಅಂತ ನೋಡುವ ಎಂಟಿಟಿ ಪರೀಕ್ಷೆ ಮರುದಿನ. ತೊಳೆಯುವುದನ್ನು ಬಿಟ್ಟರೆ ಕೋಶದ ಹೊರಗೆ ತೇಲುವ ಔಷಧವೂ ಸುಡುತ್ತದೆ, ಒಳಗೆ ಹೋಗಿದ್ದು ಎಷ್ಟು ಅಂತ ತಿಳಿಯದು.

ಕತ್ತಲೆಯಲ್ಲೂ ಸ್ವಲ್ಪ ಸಾವು ಕಂಡರೆ ಕೂಡಲೇ ನನ್ನ ಹಾಗೆ ಟ್ಯೂಬ್‌ಲೈಟನ್ನು ಬೈಯಬೇಡಿ. ವರ್ಟೆಪಾರ್ಫಿನ್‌ಗೆ ಇನ್ನೊಂದು ಮುಖ ಇದೆ. ಬೆಳಕಿಲ್ಲದೆಯೂ ಅದು ಕೋಶದ ಬೆಳವಣಿಗೆ ನಡೆಸುವ ವೈಎಪಿ ಎಂಬ ಪ್ರೊಟೀನಿಗೆ ಅಡ್ಡಗಾಲು ಹಾಕುತ್ತದೆ ಅಂತ 2012ರಲ್ಲಿ ಗೊತ್ತಾಯಿತು. ಡೋಸ್ ಹೆಚ್ಚಿದ್ದಾಗ ಅದು ಕಾಣಿಸುತ್ತದೆ. ಕಡಿಮೆ ಡೋಸಿನಲ್ಲೇ ಕತ್ತಲೆಯ ಕೋಶ ಸತ್ತರೆ, ಆಗ ದೀಪ ನೋಡಿ.

ಪ್ಲೇಟು ದಾಟಿದ ಮೇಲೆ

ಗೆಡ್ಡೆಯ ರಕ್ತನಾಳಗಳು ಸಡಿಲ, ಪುಟ್ಟ ಕಣ ಅಲ್ಲಿ ನುಸುಳಿ ಉಳಿಯುತ್ತದೆ ಅಂತ 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಯೇದಾ ತೋರಿಸಿದರು. ಎಲ್ಲರ ಮೊದಲ ಸ್ಲೈಡೂ ಅದೇ. ಆದರೆ 2016ರಲ್ಲಿ ಹತ್ತು ವರ್ಷದ ಪ್ರಾಣಿ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗ, ಚುಚ್ಚಿದ ನ್ಯಾನೊಕಣದಲ್ಲಿ ಗೆಡ್ಡೆಗೆ ತಲುಪುವುದು ಮಧ್ಯಮ ಲೆಕ್ಕದಲ್ಲಿ 0.7 ಪರ್ಸೆಂಟ್ ಅಂತ ಬಂತು. ಉಳಿದದ್ದು ಬಹುಪಾಲು ಯಕೃತ್ತಿಗೆ, ಗುಲ್ಮಕ್ಕೆ. ಪಿಡಿಟಿಯವರಿಗೆ ಇದರಲ್ಲೂ ಒಂದು ಸಮಾಧಾನ ಇದೆ. ಯಕೃತ್ತಿಗೆ ಬೆಳಕು ಬೀಳುವುದಿಲ್ಲವಲ್ಲ, ಅಲ್ಲಿ ಕೂತ ಔಷಧ ಮಲಗಿರುತ್ತದೆ. ಎಲ್ಲಿ ದೀಪ ಹಿಡಿಯುತ್ತೀರೋ ಅಲ್ಲಿ ಮಾತ್ರ ಏಳುತ್ತದೆ.

ಔಷಧ ಕೊಟ್ಟು ಎಷ್ಟು ಹೊತ್ತಿಗೆ ಬೆಳಕು ಕೊಡಬೇಕು ಎಂಬುದನ್ನು ಊಹಿಸಲು ಹೋಗಬೇಡಿ. ವಿಸುಡೈನ್‌ನಲ್ಲಿ ಡ್ರಿಪ್ ಶುರುವಾಗಿ 15 ನಿಮಿಷಕ್ಕೆ, ಫಾಸ್ಕಾನ್‌ನಲ್ಲಿ ನಾಲ್ಕು ದಿನಕ್ಕೆ. ಡಬ್ಬಿ ಬದಲಾದರೆ ಈ ಸಮಯವೂ ಬದಲಾಗುತ್ತದೆ. ಇಲಿಯಲ್ಲಿ ಫ್ಲೋರೆಸೆನ್ಸ್ ಚಿತ್ರ ತೆಗೆದು ನೋಡಿಯೇ ನಿರ್ಧರಿಸಬೇಕು. ಅದಕ್ಕೆ ಮೊದಲು ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ, ಆ ಅರ್ಜಿಯನ್ನು ಕಣ ಮಾಡಲು ಶುರು ಮಾಡಿದ ದಿನವೇ ಬರೆದಿಡಿ, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ನಮ್ಮ ಹತ್ತಿರವೂ ಈ ಕೆಲಸ ನಡೆದಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ಬೆಳಕಿಗೆ ಏಳುವ ಲೋಹದ ಸಂಯುಕ್ತಗಳ ಮೇಲೆ ವರ್ಷಗಟ್ಟಲೆ ದುಡಿದಿದೆ. ಅಲಿಗಢದಲ್ಲಿ ಬಾಯಿಯ ಆರಂಭದ ಕ್ಯಾನ್ಸರಿಗೆ ಕಡಿಮೆ ಖರ್ಚಿನ ಎಲ್‌ಇಡಿ ಪಿಡಿಟಿಯನ್ನು ರೋಗಿಗಳ ಮೇಲೆ ನೋಡಿದ್ದಾರೆ, ಅಮೆರಿಕದ ತಯ್ಯಬಾ ಹಸನ್ ಅವರ ತಂಡದ ಜೊತೆ ಸೇರಿ. ಗುಟ್ಕಾ, ಹೊಗೆಸೊಪ್ಪಿನ ನಮ್ಮ ದೇಶಕ್ಕೆ ಬಾಯಿಯೇ ಸರಿಯಾದ ಜಾಗ ಅಂತ ನನಗನ್ನಿಸುತ್ತದೆ. ಬೆಳಕು ನೇರ ತಲುಪುತ್ತದೆ, ಕೊಯ್ಯಬೇಕಾಗಿಲ್ಲ, ನಾಲಿಗೆ ಉಳಿಯುತ್ತದೆ.

ರೋಗಿಯ ಕಡೆಯವರಿಗೆ

ಇದು ಮೈಯೆಲ್ಲ ಹರಡಿದ ಕ್ಯಾನ್ಸರಿನ ಮದ್ದಲ್ಲ. ಕೆಂಪು ಬೆಳಕು ಅಂಗಾಂಶದೊಳಗೆ ಕೆಲವು ಮಿಲಿಮೀಟರಿನಿಂದ ಒಂದು ಸೆಂಟಿಮೀಟರ್ ತನಕ ಹೋದರೆ ಹೆಚ್ಚು. ಚರ್ಮ, ಬಾಯಿ, ಅನ್ನನಾಳ, ಶ್ವಾಸನಾಳ, ಹೀಗೆ ದೀಪ ಅಥವಾ ಫೈಬರ್ ತಲುಪುವ ಕಡೆಗೆ ಮಾತ್ರ. ನ್ಯಾನೊ ತಂತ್ರದಲ್ಲಿ ಈಗಾಗಲೇ ಕೈಗೆ ಬಂದಿರುವುದು ಅಮೆಲೂಜ್ ಎಂಬ ಹಚ್ಚುವ ಜೆಲ್, ನ್ಯಾನೊಎಮಲ್ಷನ್ ರೂಪದ್ದು, ಬಿಸಿಲಿನಿಂದ ಚರ್ಮದಲ್ಲಿ ಏಳುವ ಕ್ಯಾನ್ಸರ್ ಪೂರ್ವದ ಒರಟು ಕಲೆಗಳಿಗೆ. ಯುರೋಪಿನಲ್ಲಿ 2011, ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆಯಿತು. ಪಿಎಲ್‌ಜಿಎ ಕಣಗಳು ಇನ್ನೂ ಲ್ಯಾಬಿನಲ್ಲೇ ಇವೆ, ಯಾರಾದರೂ ‘ನ್ಯಾನೊ ಲೈಟ್ ಥೆರಪಿ’ ಅಂತ ಹಣ ಕೇಳಿದರೆ ಔಷಧದ ಹೆಸರು, ಬೆಳಕಿನ ತರಂಗಾಂತರ, ಜೂಲ್ ಎಷ್ಟು ಅಂತ ಕೇಳಿ. ಹೇಳಲು ಬರದಿದ್ದರೆ ಎದ್ದು ಬನ್ನಿ.

ಫೋಟೊಫ್ರಿನ್ ತೆಗೆದುಕೊಂಡವರು ಕನಿಷ್ಠ 30 ದಿನ, ವಿಸುಡೈನ್ ಆದರೆ ಅಮೆರಿಕದ ಲೇಬಲ್ ಪ್ರಕಾರ 5 ದಿನ, ಬಿಸಿಲು ಮತ್ತು ಜೋರು ದೀಪದಿಂದ ದೂರ ಇರಬೇಕು. ಸನ್‌ಸ್ಕ್ರೀನ್ ಇದಕ್ಕೆ ಉಪಯೋಗವಿಲ್ಲ, ಅದು ತಡೆಯುವುದು ನೇರಳಾತೀತವನ್ನು, ಇಲ್ಲಿ ಸುಡುವುದು ಕಣ್ಣಿಗೆ ಕಾಣುವ ಬೆಳಕು. ತುಂಬುತೋಳಿನ ದಪ್ಪ ಬಟ್ಟೆ, ಟೋಪಿ, ಕಪ್ಪು ಕನ್ನಡಕ. ಇನ್ನು ಅರಿಶಿನ ಹಚ್ಚಿ ನೀಲಿ ದೀಪ ಹಿಡಿಯುವ ವಿಡಿಯೊ ಬಗ್ಗೆ: ಕರ್ಕ್ಯುಮಿನ್ ನೀಲಿ ಬೆಳಕಿಗೆ ಏಳುತ್ತದೆ, ನಿಜ. ಆದರೆ ನೀಲಿ ಬೆಳಕು ಚರ್ಮದೊಳಗೆ ಒಂದು ಮಿಲಿಮೀಟರ್ ಹೋಗುವುದೂ ಕಷ್ಟ. ಗೆಡ್ಡೆಗೆ ಅದು ಗೊತ್ತೂ ಆಗುವುದಿಲ್ಲ.

ಮರೆತಿದ್ದೆ, ಇಟ್ಟುಕೊಳ್ಳುವುದು ಹೇಗೆ ಅಂತ. ನೀರಿನಲ್ಲಿ ಬಿಟ್ಟರೆ ಪಿಎಲ್‌ಜಿಎ ನಿಧಾನಕ್ಕೆ ಕರಗುತ್ತಾ ಹೋಗುತ್ತದೆ, ವಾರಗಟ್ಟಲೆ ಇಡಬಾರದು. 5 ಪರ್ಸೆಂಟ್ ಟ್ರೆಹಲೋಸ್ ಎಂಬ ಸಕ್ಕರೆ ಸೇರಿಸಿ ಫ್ರೀಜ್ ಡ್ರೈ ಮಾಡಿ, ಸಕ್ಕರೆ ಇಲ್ಲದಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಮತ್ತೆ ಬಿಡಿಯಾಗುವುದಿಲ್ಲ. ತಿರುಗಿ ನೀರು ಹಾಕಿದಾಗ ಸೈಜು ಮತ್ತೊಮ್ಮೆ ಅಳೆಯಿರಿ. ಬಾಟಲಿಗೆ ಫಾಯಿಲ್ ಸುತ್ತಿ ಮೈನಸ್ 20ರಲ್ಲಿ ಇಡಿ. ಬ್ಯಾಚ್ ನಂಬರನ್ನು ಫಾಯಿಲ್ ಮೇಲೂ ಬರೆಯಿರಿ, ಒಳಗಿನ ಬಾಟಲಿ ಮೇಲೂ ಬರೆಯಿರಿ. ಕತ್ತಲೆಯಲ್ಲಿ ನಾಲ್ಕು ಬಾಟಲಿಯ ಫಾಯಿಲ್ ಒಟ್ಟಿಗೆ ಬಿಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.